ನೂರೆಂಟೂವರೆ

ಗುರುವಾರ ನಾನು ಗ್ರಿಮ್ಸ್‌ಬಿಯ ಹೊಗೆಮನೆಗೆ ಹೋಗುವ ದಿನ.
ಬುಧವಾರ ಕ್ಷೌರದಂಗಡಿ, ಶುಕ್ರವಾರ ಹೂವಿನವಳು.
ನಾಲ್ಕು ಜನ, ಆರು ಜನ, ಅವರ ಪುಟ್ಟ ಸಂಬಳಗಳು
ನನ್ನ ಲ್ಯಾಪ್‌ಟಾಪಿನೊಳಗೆ ಸಂಸಾರ ಮಾಡುತ್ತವೆ.
ಗುರುವಾರ ರಾತ್ರಿ ಮಾತ್ರ
ಎರಡು ಸಲ ತಲೆ ತೊಳೆದರೂ ದಿಂಬಿಗೆ ಮೀನಿನ ವಾಸನೆ.

ಹೆಡ್ಲಿ ಟಾಸ್ಕರ್, ಅವನಪ್ಪ, ಅವನಪ್ಪನ ಅಪ್ಪ,
ಅದೇ ಇಟ್ಟಿಗೆ ಗೂಡು, ಅದೇ ಗರಗಸದ ಹೊಟ್ಟು.
ಗೋಡೆಗೆ ಅಂಟಿದ ಮಸಿ ಉಗುರಲ್ಲಿ ಕೆರೆದರೆ
ಡಾಂಬರಿನಂತೆ ಏಳುತ್ತದೆ.
ಕೆಲಸಕ್ಕೆ ನಾಲ್ವರು. ಅವರಲ್ಲಿ ಡೈಗಾ,
ಲಾಟ್ವಿಯಾದವಳು, ಹ್ಯಾಡಕ್ ಸೀಳುವುದರಲ್ಲಿ ಎತ್ತಿದ ಕೈ.
ನಿಮಿಷಕ್ಕೆ ಆರು.
ಮುಳ್ಳಿನಲ್ಲಿ ಉಳಿದದ್ದು ಬೆಕ್ಕಿಗೂ ಸಾಲದು.

ಜನವರಿಯಲ್ಲಿ ಸೂಲಗಿತ್ತಿ ಕೊಟ್ಟ ಕಾಗದ ತಂದು
ತಕ್ಕಡಿಯ ಪಕ್ಕ ಇಟ್ಟಳು.
ಹೆಡ್ಲಿ ಒದ್ದೆ ಕೈಯಲ್ಲೇ ಎತ್ತಿ ನೋಡಿ
"ಒಳ್ಳೇದಾಯ್ತು" ಅಂದ.
ಅವಳು ಆಚೆ ಹೋದ ಮೇಲೆ ನನ್ನ ಕಡೆ ತಿರುಗಿ,
"ಮೂವತ್ತೊಂಬತ್ತು ವಾರವಾ?"

ಸಣ್ಣವರಿಗೆ ಸರ್ಕಾರ ವಾಪಸು ಕೊಡುತ್ತೆ, ಅಂದೆ.
ನೀನು ನೂರು ಕೊಟ್ಟರೆ ಅದು ನೂರೆಂಟೂವರೆ.
"ಎಂಟೂವರೆ ಯಾತಕ್ಕೆ?"
ವಿಮೆಯ ವಂತಿಗೆಗೆ, ಅಂದೆ.
ನೂರೆಂಟು ತಾಪತ್ರಯದ ಮನುಷ್ಯನಿಗೆ
ಆ ಅರ್ಧವೊಂದು ಕಮ್ಮಿಯಾಗಿತ್ತು.
"ದುಡ್ಡು ಬರುತ್ತೆ, ಸರಿ.
ಬೆಳಗಿನ ಜಾವ ನಾಲ್ಕಕ್ಕೆ ಐಸಿನೊಳಗೆ ಇಳಿಯೋ ಕೈ?
ಅದೂ ಲಂಡನ್ನಿಂದ ಬರುತ್ತಾ?"

ನನ್ನ ಪರದೆಯಲ್ಲಿ ಅದಕ್ಕೆ ಖಾನೆ ಇರಲಿಲ್ಲ.

"ನಮ್ಮಮ್ಮ ನನ್ನ ಹೆತ್ತು ಒಂಬತ್ತನೇ ದಿನ
ಇದೇ ಗೂಡಿನ ಮುಂದೆ ನಿಂತಿದ್ದಳು..."
ಹೆಮ್ಮೆಯಿಂದ ಶುರು ಮಾಡಿದವನು
ಯಾಕೋ ಅಲ್ಲಿಗೇ ಬಿಟ್ಟ.

ಮಾರ್ಚಿಯ ಮೂರನೇ ಗುರುವಾರ ಫೋನು.
ಡೈಗಾಳ ಗಂಡ ರೈಟಿಸ್,
ನದಿಯಾಚೆ, ಹಲ್‌ನ ಆಸ್ಪತ್ರೆಯಿಂದ.
ಎರಡೂವರೆ ತಿಂಗಳು ಮೊದಲೇ ಬಂದಿದೆ, ಹೆಣ್ಣು,
ಗಾಜಿನ ಪೆಟ್ಟಿಗೆಯಲ್ಲಿ. ಒಂದು ಕಿಲೋ, ನೂರು ಗ್ರಾಂ.

ಹೆಡ್ಲಿ ಏನೂ ಹೇಳಲಿಲ್ಲ.
ಐಸಿನ ಪೆಟ್ಟಿಗೆಗೆ ಹೋಗಿ ಒಂದು ಹ್ಯಾಡಕ್ ಎತ್ತಿ ತಕ್ಕಡಿಗೆ ಹಾಕಿದ.
ಜಾಸ್ತಿಯಾಯಿತು. ಇನ್ನೊಂದು. ಕಮ್ಮಿ.
ಮೂರನೆಯದು
ಒಂದು ಕಿಲೋ, ನೂರು ಗ್ರಾಂ.
ಅದರ ಮುಂದೆ ನಿಂತ, ಎರಡೂ ಕೈ ಇಳಿಬಿಟ್ಟು.
ಅವತ್ತು ಆ ಮೀನನ್ನು ಸೀಳಲಿಲ್ಲ.
ಐಸಿನೊಳಗೆ ವಾಪಸು ಮಲಗಿಸಿದ. ಹೌದು, ಮಲಗಿಸಿದ.

ಮಗು ಆಸ್ಪತ್ರೆಯಲ್ಲಿ ಕಳೆದ ವಾರಕ್ಕೊಂದು ವಾರ
ತಾಯಿಗೆ ಹೆಚ್ಚುವರಿ ರಜೆ, ಹನ್ನೆರಡರ ತನಕ,
ಹೊಸ ಕಾನೂನು, ಅದಕ್ಕೂ ಸಂಬಳ ಉಂಟು, ಅಂದೆ.
ಅದಕ್ಕೂ ನೂರೆಂಟೂವರೆಯೇ ಎಂದು ಕೇಳುತ್ತಾನೆಂದು ಕಾದೆ.
"ಬರಿ" ಅಂದ, ಅಷ್ಟೆ.

ಎಷ್ಟು ವಾರ ಎಂಬುದಕ್ಕೆ ಖಾನೆಯಿತ್ತು,
ಮಗುವಿನ ಹೆಸರಿಗೆ ಇರಲಿಲ್ಲ.
ಒಂದು ಎಂದು ಬರೆದಿಟ್ಟುಕೊಂಡೆ. ಮುಂದಿನ ಗುರುವಾರ ಎರಡು.

ಸೀಳುವ ಹಲಗೆಗೆ ಈಗ ಅವನೇ ನಿಲ್ಲುತ್ತಾನೆ,
ಅರವತ್ತೆಂಟರ ಪ್ರಾಯ, ಹೆಬ್ಬೆರಳಿಗೆ ನೀಲಿ ಪಟ್ಟಿ.
ನಿಮಿಷಕ್ಕೆ ಎರಡು, ಹೆಚ್ಚೆಂದರೆ ಮೂರು.
ಬೆಕ್ಕು ದಪ್ಪಗಾಗಿದೆ.

ನನಗೆ ಯಜಮಾನನಿಲ್ಲ, ನನಗೆ ನಾನೇ.
ನಮ್ಮಮ್ಮನನ್ನು ಮಣ್ಣು ಮಾಡಿದ ವಾರ
ಮೂರು ಅಂಗಡಿಯ ಸಂಬಳ ಹೊತ್ತಿಗೆ ಸರಿಯಾಗಿ ಕಳಿಸಿದ್ದೆ.
ದೂರಲ್ಲ. ಊರಿನವರ ರಜೆಯನ್ನೆಲ್ಲ ಎಣಿಸುವಾಗ
ಒಮ್ಮೊಮ್ಮೆ ನೆನಪಾಗುತ್ತದೆ.

ಏಳನೇ ಗುರುವಾರ ರೈಟಿಸ್‌ನ ಸಂದೇಶ:
ಎರಡು ಕಿಲೋ ದಾಟಿದಳು, ಮುಂದಿನ ವಾರ ಮನೆಗೆ.
ಹೆಡ್ಲಿ ಚಾಕು ಕೆಳಗಿಟ್ಟು
ತಕ್ಕಡಿ ಒರೆಸಿ, ಸೊನ್ನೆಗೆ ತಂದು,
ಒಂದೊಂದೇ ಪೆಟ್ಟಿಗೆ ತೆರೆದು ಮೊಣಕೈ ತನಕ ಹುಡುಕಿದ.

ಅಷ್ಟು ದೊಡ್ಡದು ಅವತ್ತು ಬಂದಿರಲಿಲ್ಲ.