ಕೂತು ನೋಡಿ, ಆಮೇಲೆ ಕೊಡಿ

ಅರಸೀಕೆರೆ, ಹುಳಿಯಾರು ರಸ್ತೆ.
ಅಪ್ಪನ ಅಂಗಡಿಯಲ್ಲಿ ಮೂವತ್ತು ವರ್ಷ
ಒಂದೇ ಕುರ್ಚಿ: ಹದಿನೆಂಟು ಇಂಚಿನ ಕಾಲು,
ನೆಟ್ಟನೆ ಬೆನ್ನು.

ಕೊಬ್ಬರಿ ಮಂಡಿಯ ಜುಲೇಖಾಬಿ
ಕೊಂಡ ವಾರಕ್ಕೇ ತಲೆ ಮೇಲೆ ಹೊತ್ತು ತಂದಳು.
ಕಾಲು ಮೂರು ಬೆರಳು ಕುಯ್ದಿದ್ದಳು,
ಓರೆಕೋರೆಯಾಗಿ.
"ದುಡ್ಡು ವಾಪಸ್ ಬೇಡ ಆಚಾರ್ರೇ, ಕೂತು ನೋಡಿ.
ಚಿಪ್ಪು ಬಿಡಿಸೋ ಹಂಗೆ ಬಗ್ಗಿ ನೋಡಿ."

ಮರಕ್ಕೆ ಅವಮಾನ ಎಂದು ಅಪ್ಪ ಸಿಡುಕಿದ.
ಕದ ಎಳೆದ ಮೇಲೆ
ಲೆಕ್ಕದ ಪುಸ್ತಕದ ಮರೆಯಿಂದ ನಾನು ನೋಡಿದೆ:
ಕೂತ. ಬಗ್ಗಿದ. ಮತ್ತೆ ಬಗ್ಗಿದ.
ಬಹಳ ಹೊತ್ತು ಏಳಲಿಲ್ಲ.

ಈಗ ಪಾಲಿಶ್ ಹಾಕದೆ ಕೊಡುತ್ತೇವೆ,
ಕಾಲು ನಾಲ್ಕು ಬೆರಳು ಹೆಚ್ಚೇ ಬಿಟ್ಟು,
ಜೊತೆಗೊಂದು ಸೀಸದಕಡ್ಡಿ.
ತಿಂಗಳು ಕೂತು, ಒತ್ತಿದ ಕಡೆ ಗೀಟೆಳೆದು ತನ್ನಿ.
ದುಡ್ಡು ಆಮೇಲೆ.

ರೈಲ್ವೆಯ ತೋಪೇಗೌಡರ ಗೀಟು ಬೆನ್ನಿನ ಎಡಕ್ಕೆ.
ಬಸುರಿ ಟೀಚರದು ದಿನಕ್ಕೊಂದು ಕಡೆ,
ಕೆಳಗೆ ಪುಟ್ಟ ಅಕ್ಷರ: "ಹೆರೋವರೆಗೂ ತಡೀರಿ."
ಒಬ್ಬರ ಗೀಟೂ ಬರಲಿಲ್ಲ, ಕುರ್ಚಿಯೂ ಬರಲಿಲ್ಲ.
ನಾನು ನಷ್ಟಕ್ಕೆ ಬರೆದೆ.
ಅಪ್ಪ ಅದನ್ನು ಹೊಡೆದುಹಾಕಿ ಬರೆದ:
"ಸರಿಯಾಗಿ ಕೂತಿರಬೇಕು."

ಗಿಡ್ಡ ಕಾಲಿನದಕ್ಕೆ ಜುಲೇಖ ಎಂದೇ ಹೆಸರು.
ತಿಪಟೂರಿನವರೂ ಹೆಸರು ಹಿಡಿದು ಕೇಳುತ್ತಾರೆ.
ನಿನ್ನೆ ಅವಳೇ ಬಂದಳು,
ತನ್ನ ಹೆಸರಿನ ರೇಟು ನನ್ನಿಂದ ಓದಿಸಿಕೊಂಡಳು,
"ಇದರಲ್ಲಿ ನಂದೆಷ್ಟು?"

ಅಪ್ಪ ಉಳಿ ಕೆಳಗಿಟ್ಟ.
ಪುಸ್ತಕದಲ್ಲಿ ಹೊಸ ಕಾಲಂ ಎಳೆಯಬೇಕಿತ್ತು.
ಸೀಸದಕಡ್ಡಿ
ಅವಳ ಕೈಯಲ್ಲಿತ್ತು.