ಎರಡನೇ ನಂಬರು

ಇಲ್ಲಿ ಕತ್ತರಿ ಕೊಡುವುದಿಲ್ಲ. ಮಷೀನು,
ಅದೂ ಎರಡನೇ ನಂಬರಿನದೊಂದೇ.
ರುಜು ಹಾಕಿ ತೆಗೆದುಕೊಂಡು
ನಾಲ್ಕಕ್ಕೆ ರುಜು ಹಾಕಿ ಹಿಂತಿರುಗಿಸಬೇಕು.
ಗಂಟೆಗೆ ಒಂದು ಪೌಂಡು.

ಕೆರೆನ್ ಪೇಟೆಯ ಅಂಗಡಿಯಲ್ಲಿ ಅಪ್ಪ ಹೇಳುತ್ತಿದ್ದ:
ತಲೆ ಬಗ್ಗಿಸಿ ಕೊಟ್ಟವನಿಗೆ
ಸುಳ್ಳು ಹೇಳಬೇಡ, ಮೆಹಾರಿ.

ಝಬೀಹುಲ್ಲಾ ಮೊದಲ ಸಲ ಬಂದಾಗ
ಮರುದಿನ ವಿಚಾರಣೆಯಿತ್ತು.
ಜಡ್ಜಿಗೆ ನಾನು ಮಗನ ಹಾಗೆ ಕಾಣಬೇಕು, ಅಂದ.
ಹಾಗೇ ಮಾಡಿದೆ.
ವಿಚಾರಣೆ ಮುಂದಕ್ಕೆ ಹೋಯಿತು. ಕೂದಲು ಬೆಳೆಯಿತು.
ಮತ್ತೆ ಬಂದ. ಮತ್ತೆ ಮುಂದಕ್ಕೆ.
ಏಳನೇ ಸಲ ಕಿವಿಯ ಹಿಂದೆ ನೆರೆತದ್ದು ಕಂಡಿತು.
ಇಲ್ಲಿ ಕನ್ನಡಿಯೂ ತಗಡಿನದು, ತೋರಿಸುವುದಿಲ್ಲ.
ನಾನೂ ಹೇಳಲಿಲ್ಲ.
ಇಪ್ಪತ್ತಾರು ವರ್ಷ ಅವನಿಗೆ.
ಇದು ಸುಳ್ಳೇನಪ್ಪಾ?

ಅಂಗಡಿ ಒಡೆದು ಜೈಲು ಸೇರಿದವನಿಗೆ
ಬಿಡುಗಡೆಯ ತಾರೀಖು ಇರುತ್ತದಂತೆ.
ಗೀಟೆಳೆದು ಗೀಟೆಳೆದು ಅದರ ಹತ್ತಿರ ಹೋಗುತ್ತಾನಂತೆ.
ನಮ್ಮ ಕಿಟಕಿ ತೆರೆಯುವುದು ನಾಲ್ಕು ಬೆರಳಗಲ.
ಅದರಾಚೆ ಎರಡು ನಿಮಿಷಕ್ಕೊಂದು ವಿಮಾನ,
ಒಂದೂ ತಡವಿಲ್ಲ.

ನಿನ್ನೆ ಅವನ ತಲೆ ಅರ್ಧ ಆಗಿತ್ತು,
ಬಾಗಿಲಲ್ಲಿ ಅವನ ನಂಬರು ಕೂಗಿದರು.
ಸಾಮಾನು ಕಟ್ಟು, ಐದು ನಿಮಿಷ.
ಬಸ್ಸಿಗೋ ವಿಮಾನಕ್ಕೋ ಅಂತ ಕೇಳಿದೆ.
ಕಾವಲಿನವನಿಗೂ ಗೊತ್ತಿರಲಿಲ್ಲ, ಪಾಪ,
ಕಾಗದದಲ್ಲಿ ಬರೆದಿರಲಿಲ್ಲ.
ಝಬೀಹುಲ್ಲಾ ಎದ್ದ. ಹೆಗಲ ಮೇಲಿನ ಬಟ್ಟೆ
ಬಿಚ್ಚುವುದನ್ನೂ ಮರೆತು ಬಾಗಿಲ ಮುಂದೆ ನಿಂತ.
ತೆರೆದೇ ಇತ್ತು ಅದು.
ಯಾರಾದರೂ ತೆರೆಯಲಿ ಅಂತ ಕಾದ.

ಗುಡಿಸಿದೆ. ಒಂದು ಹಿಡಿಯಷ್ಟೂ ಆಗಲಿಲ್ಲ.
ಎಡಗಡೆಯದು ಈಗ ಎಲ್ಲಿ ಬೆಳೆಯುತ್ತಿದೆಯೋ.

ನಾಲ್ಕಕ್ಕೆ ಮಷೀನು ಹಿಂತಿರುಗಿಸಿದೆ.
ಅದರ ಹಲ್ಲು ಒಂದೊಂದಾಗಿ ಎಣಿಸಿಕೊಂಡರು,
ಸರಿಯಿದೆ ಅಂದರು.