ಅಂಚಿನ ಪೆನ್ಸಿಲು

ವಿರಾಜಪೇಟೆಯ ಗಡಿಯಾರ ಕಂಬದಿಂದ ತುಸು ಇಳಿದರೆ
ಮೊಯ್ದು ಕಾಕನ ಬೇಕರಿ, ಅದರ ಮೇಲಿನ ಮಹಡಿ ನನ್ನದು.
ಪುಸ್ತಕಕ್ಕೆ ದಿನಕ್ಕೆ ಮೂರು ರೂಪಾಯಿ, ಹರಿದರೆ ಪೂರ್ತಿ ಬೆಲೆ.
ಎಂಥ ಯುದ್ಧದ ಕಾದಂಬರಿ ಬಿಡಿಸಿದರೂ
ಮೊದಲು ಬರುವುದು ಬನ್ನಿನ ವಾಸನೆ.

ಕ್ಯಾಂಟೀನಿನಲ್ಲಿ ರಮ್ಮು ಕೊಡುವ ದಿನ
ಮೆಟ್ಟಿಲ ಮೇಲಿನ ಸದ್ದು ಕೇಳಿಯೇ ಹೇಳಬಲ್ಲೆ
ಯಾರಿಗೆ ಯಾವ ಮೊಣಕಾಲು ಹೋಗಿದೆ ಎಂದು.
ಚೀಲದೊಳಗೆ ಬಾಟಲಿಗೆ ಬಾಟಲಿ ತಾಗುತ್ತದೆ,
"ಒಳ್ಳೇದು ಎಂತ ಉಂಟು, ದಮಯಂತಿ?"

ಒಳ್ಳೇದು ಅಂದರೆ: ಕತ್ತಲಲ್ಲಿ ಆಕಾಶದಿಂದ ಆರು ಜನ ಇಳಿಯಬೇಕು,
ಅವರಲ್ಲೊಬ್ಬ ಮಾರಿಕೊಂಡವನಿರಬೇಕು,
ಕೊನೆಗೊಂದು ಸೇತುವೆ ಹಾರಲೇಬೇಕು.
ಮುಖಪುಟದಲ್ಲಿ ಎಲ್ಲರಿಗೂ ಒಂದೇ ದವಡೆ, ಅದೇ ಮಸಿ,
ಹಿಂದೆ ಉರಿಯುವ ಅದೇ ಹೆಲಿಕಾಪ್ಟರು.
ಓದದೆಯೇ ಶಿಫಾರಸು ಮಾಡಿದ್ದುಂಟು ನಾನು,
ಬರೀ ದಪ್ಪ ನೋಡಿ.

ಐಚೆಟ್ಟಿರ ಬೊಳ್ಳಪ್ಪ ಮಾತ್ರ ಏನೂ ಕೇಳುತ್ತಿರಲಿಲ್ಲ.
ಹವಾಲ್ದಾರರು, ಪ್ಯಾರಾ ಕಮಾಂಡೋ. ಇದು ಬೇರೆಯವರು ಹೇಳಿದ್ದು.
ಕಪಾಟಿನ ಎಡತುದಿಯಿಂದ ಶುರುಮಾಡಿ ವಾರಕ್ಕೆರಡು,
ಸಾಲು ತಪ್ಪದೆ, ಗಸ್ತು ಹೊರಟವರ ಹಾಗೆ.
ವಾಪಸು ತಂದ ಪುಸ್ತಕದ ಅಂಚಿನಲ್ಲೆಲ್ಲ ಪೆನ್ಸಿಲು:

ಇಷ್ಟು ಚಳಿಗೆ ಬೆರಳು ಟ್ರಿಗರಿಗೆ ಅಂಟುತ್ತದೆ.
ಚೀಲದ ತೂಕ ತಪ್ಪು. ನೀರು ಲೆಕ್ಕ ಹಾಕಿಲ್ಲ.
ಧುಮುಕುವಾಗ ಯಾರೂ ದೇಶ ನೆನೆಯುವುದಿಲ್ಲ. ಉಚ್ಚೆ ಬರುತ್ತದೆ.
ಮೂರು ದಿನ ಕಲ್ಲಿನ ಸಂದಿಯಲ್ಲಿ ಸುಮ್ಮನೆ ಮಲಗಿದ್ದೆವು,
ಅದನ್ನು ಯಾರು ಬರೆಯುತ್ತಾರೆ?
ಹನ್ನೆರಡನೇ ಪುಟದಲ್ಲಿ: ಈ ಕ್ಯಾಪ್ಟನ್ ಉಳಿಯುವುದಿಲ್ಲ.
ಉಳಿಯಲಿಲ್ಲ.

ದಂಡ ಹಾಕಬೇಕಿತ್ತು. ಅಳಿಸಲು ರಬ್ಬರು ಕೂಡ ತಂದೆ.
ಅಷ್ಟರಲ್ಲಿ ಉಳಿದವರು ಕೇಳತೊಡಗಿದ್ದರು,
"ಬೊಳ್ಳಪ್ಪ ಓದಿದ್ದು ಉಂಟಾ?"
ಗೆರೆ ಬೀಳದ ಪುಸ್ತಕ ಯಾರಿಗೂ ಬೇಡವಾಯಿತು.
ಸಿಗ್ನಲ್ಸಿನ ಸುಬೇದಾರರು ಹಸಿರು ಶಾಯಿಯಲ್ಲಿ ತಕರಾರು ಬರೆದರು,
ಅದರ ಕೆಳಗೆ ಮತ್ಯಾರೋ,
'ನೀನು ಜಬಲ್ಪುರ ದಾಟಿದವನಲ್ಲ, ಸುಮ್ಮನಿರು.'
ಆಫೀಸರ್ ಪರೀಕ್ಷೆಗೆ ಓದುವ ಹುಡುಗಿ ದೇಚಮ್ಮ
ಕಿಟಕಿಯ ಹತ್ತಿರ ಕೂತು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಾಳೆ.
"ಕಥೆ ಬೇಡ ಅಕ್ಕ, ಅಂಚು ಸಾಕು."

ಒಂದು ಪುಸ್ತಕ ಮಾತ್ರ ಗಲ್ಲಾಪೆಟ್ಟಿಗೆಯ ಕೆಳಗಿದೆ.
ತೆಳ್ಳಗಿನದು, ಕೆಟ್ಟ ಅಚ್ಚು, ಕಥೆಯೂ ಅಷ್ಟಕ್ಕಷ್ಟೆ.
ನೂರ ನಲವತ್ತೊಂದನೇ ಪುಟದಲ್ಲಿ ಒಂದೇ ಸಾಲು:
ಬಲಗಡೆಯವನು ಬಿದ್ದ, ಉಳಿದವರು ಮುಂದೆ ಸಾಗಿದರು.
ತಿದ್ದುಪಡಿ ಇಲ್ಲ. ಸರಿ ಎಂಬಂತೆ ಒಂದು ಗೀಟು.
ಪಕ್ಕದಲ್ಲಿ:
ತಂಗರಾಜು. ಇಡ್ಲಿಗೆ ಸಕ್ಕರೆ ಕೇಳುತ್ತಿದ್ದ.
ಎಷ್ಟು ಒತ್ತಿ ಬರೆದಿದ್ದಾರೆ ಎಂದರೆ
ಹಾಳೆಯ ಬೆನ್ನಲ್ಲಿ ಅಕ್ಷರ ಉಬ್ಬಿ ಬೆರಳಿಗೆ ಸಿಗುತ್ತದೆ,
ದೀಪವಿಲ್ಲದೆಯೂ ಓದಬಹುದು.
ಆ ಪುಟದಲ್ಲೇ ಒಣಗಿದ ತೋಕ್‌ಪೂ,
ಕೈಲ್‌ಪೊಳ್ದಿನ ದಿನ ಕೋವಿಯ ಬಾಯಿಗೆ ಸಿಕ್ಕಿಸುವುದು,
ಕೆಂಪೆಲ್ಲ ಹೋಗಿ ಟೀ ಚೆಲ್ಲಿದ ಬಣ್ಣ.

ರಬ್ಬರು ಅದರ ಮೇಲೆ ಇಟ್ಟೆ. ತೆಗೆದೆ.
ಕೇಳಿದವರಿಗೆ, ಹೊರಗೆ ಹೋಗಿದೆ ಎನ್ನುತ್ತೇನೆ.

ಮೂರು ವಾರ ಬರಲಿಲ್ಲ ಬೊಳ್ಳಪ್ಪ. ಆಮೇಲೊಂದು ಸಂಜೆ
ಕೊಡೆ ಮೂಲೆಗಿಟ್ಟು, ಬಿಟ್ಟ ಜಾಗದ ಮುಂದಿನದಕ್ಕೇ ಕೈ ಹಾಕಿದರು.
"ಹೋದ ಸಲದ್ದು ಹೇಗಿತ್ತು?" ಎಂದೆ, ರಸೀತಿ ನೋಡುತ್ತಾ.
"ಬರೆದವನು ಪೂರ್ತಿ ಸುಳ್ಳ," ಎಂದರು,
"ಒಂದು ಸಾಲು ಬಿಟ್ಟು."

ಆ ಕಪಾಟು ಮುಗಿದು ಈಗ ಪ್ರೇಮದ ಕಾದಂಬರಿಗಳ ಸಾಲು ನಡೆದಿದೆ.
ನಿನ್ನೆ ಬಂದದ್ದರಲ್ಲಿ ಮೂವತ್ತನೇ ಪುಟ:
ಇಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ.

ಒಳ್ಳೇದು ಎಂತ ಉಂಟು ಎಂದು ಹೊಸಬರು ಕೇಳಿದರೆ
ಮುಖಪುಟ ನೋಡಬೇಡಿ ಎನ್ನುತ್ತೇನೆ,
ಅಂಚು ಅಗಲ ಇರುವುದನ್ನು ತಗೊಳ್ಳಿ.